ಕಾಲರಿನ ಕೆಳಗಿನ ಸುಕ್ಕು

ನಮ್ಮ ಲಾಂಡ್ರಿಯ ಯಜಮಾನಿಗೆ ಎರಡು ಹೆಸರು. ಎದುರಿಗೆ ಎಲ್ಲರೂ ‘ಅಮ್ಮ’ ಅನ್ನುತ್ತಿದ್ದರು. ಬೆನ್ನು ತಿರುಗಿಸಿದಳೋ, ‘ಚೆನ್ನಾಗಿದೆಯಮ್ಮ’. ಅವಳು ನನ್ನ ತಂಗಿಯ ಮಗಳು. ತಂಗಿ ತೀರಿಹೋದ ಮೇಲೆ ಅವಳ ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನೇ. ಹಾಗಾಗಿ ಆ ಎರಡನೇ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ನನಗೆ ಸಿಟ್ಟು ಬಂತು. ಆಮೇಲೆ ನಗು ಬಂತು, ಯಾಕೆಂದರೆ ಹೆಸರು ಅವಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.

ಇಸ್ತ್ರಿ ಮಾಡಿದ ಅಂಗಿ ತಂದಿಟ್ಟರೆ ‘ಚೆನ್ನಾಗಿದೆ’. ಒಗೆದ ಪರದೆ ತೋರಿಸಿದರೆ ‘ಚೆನ್ನಾಗಿದೆ, ಚೆನ್ನಾಗಿದೆ’. ಕಣ್ಣು ಮಾತ್ರ ರಸೀದಿ ಪುಸ್ತಕದ ಮೇಲೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಮಷೀನು ನೋಡಿಕೊಳ್ಳುವವನೊಬ್ಬನಿದ್ದ. ಅವನ ಕೈ ಸದಾ ಒದ್ದೆ, ನಾವೆಲ್ಲ ಅವನನ್ನು ನೀರಣ್ಣ ಅನ್ನುತ್ತಿದ್ದೆವು. ಅವನು ಹೇಳುತ್ತಿದ್ದ, “ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರನ್ನ ನೋಡಿದ್ದೆ. ನಮ್ಮಮ್ಮ ಅದರ ಮೇಲೆ ಕರುನೂ ಚೆನ್ನಾಗಿದೆ ಅಂತಾರೆ.”

ಅವಳು ಯಜಮಾನಿಯಾಗಿ ಹುಟ್ಟಿದವಳಲ್ಲ. ಹದಿನೇಳನೇ ವಯಸ್ಸಿಗೆ ಅದೇ ಲಾಂಡ್ರಿಗೆ ರಸೀದಿ ಬರೆಯಲು ಸೇರಿದಳು. ಅಕ್ಷರ ಮುದ್ದಾಗಿತ್ತು, ಕೆಲಸ ಸಿಕ್ಕಿತು. ಹಳೆಯ ಯಜಮಾನರಿಗೆ ಮಕ್ಕಳಿರಲಿಲ್ಲ. ಹದಿನಾರು ವರ್ಷ ಅವರ ಕೌಂಟರಿನಲ್ಲಿ ಕೂತವಳಿಗೆ, ಮಂಡಿನೋವು ಹೆಚ್ಚಾದಾಗ, ಅಂಗಡಿಯನ್ನೇ ಕಡಿಮೆ ಬೆಲೆಗೆ ವಹಿಸಿ ಹೋದರು. ಹೋಗುವಾಗ ಹೇಳಿದ್ದು ಒಂದೇ ಮಾತು: “ಒಳಗಿನವರನ್ನ ಚೆನ್ನಾಗಿ ನೋಡ್ಕೋ ಮಗಳೇ.” ಅವಳು ಅದನ್ನು ತನಗೆ ತಿಳಿದ ಹಾಗೆ ತಿಳಿದುಕೊಂಡಳು. ಒಬ್ಬರ ಮೇಲೂ ಧ್ವನಿ ಎತ್ತಲಿಲ್ಲ. ಜ್ವರ ಬಂದವರ ಸಂಬಳ ಮುರಿಯಲಿಲ್ಲ.

ಅಂಗಡಿ ಎಂದರೆ ಮೂರು ಭಾಗ. ಬೀದಿಗೆ ಮುಖ ಮಾಡಿದ ಕೌಂಟರು, ಅದರ ಹಿಂದೆ ಇಸ್ತ್ರಿ ಕೋಣೆ, ಅದರ ಹಿಂದೆ ನೀರಣ್ಣನ ಹಿತ್ತಲು. ಕೌಂಟರಿನಲ್ಲಿ ಕೂತವರ ಬೆನ್ನು ಇಸ್ತ್ರಿ ಕೋಣೆಗೆ. ಹದಿನಾರು ವರ್ಷ ಕೆಲಸದವಳಾಗಿ, ನಾಲ್ಕು ವರ್ಷ ಯಜಮಾನಿಯಾಗಿ, ಅವಳು ಕೂತದ್ದು ಅದೇ ಕುರ್ಚಿ, ಅದೇ ದಿಕ್ಕು. ನನ್ನ ಜಾಗ ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ. ಒಂದು ಮಣೆ, ಸೂಜಿದಾರ, ಕಳಚಿದ ಗುಂಡಿಗಳ ಗುಡ್ಡೆ. ಗುಂಡಿ ಬಿದ್ದುಹೋದ ಅಂಗಿಗಳಿಗೆ ಹೊಂದುವ ಗುಂಡಿ ಹುಡುಕಿ ಹೊಲಿಯುವುದು ನನ್ನ ಕೆಲಸ. ಬಾಗಿಲಲ್ಲಿ ಕೂತವರಿಗೆ ಎರಡೂ ಕಡೆಯ ಮಾತು ಕೇಳುತ್ತದೆ, ಎರಡೂ ಕಡೆಯವರು ಕೂತವರನ್ನು ಮರೆತುಬಿಡುತ್ತಾರೆ.

ಇಸ್ತ್ರಿ ಕೋಣೆಯಲ್ಲಿ ಕಂಬಳಿ ಹಾಸಿದ ನಾಲ್ಕು ಮೇಜು, ಇರುವುದೊಂದೇ ಕಿಟಕಿ. ಕಿಟಕಿಯ ಪಕ್ಕದ ಮೇಜು ಹೂಂ ತಾತನದು. ಎಪ್ಪತ್ತರ ಹತ್ತಿರದ ಮನುಷ್ಯ, ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿಂದ ಬರುತ್ತಿದ್ದುದು ‘ಹೂಂ’ ಒಂದೇ. ಅವರಿಗೆ ಇಸ್ತ್ರಿಪೆಟ್ಟಿಗೆ ಎತ್ತುವ ಶಕ್ತಿ ಹೋಗಿ ಬಹಳ ದಿನವಾಗಿತ್ತು. ಒಗೆದು ಬಂದ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ಕೊಡುತ್ತಾ, ಇಸ್ತ್ರಿ ಆದದ್ದನ್ನು ಮಡಚಿಡುತ್ತಾ ಇರುತ್ತಿದ್ದರು. ಬೇಸಿಗೆಯಲ್ಲಿ ಕೋಣೆ ಒಲೆಯಾದಾಗ ನೀರಣ್ಣ ಒಳಗೆ ಇಣುಕಿ ರೇಗಿಸುತ್ತಿದ್ದ, “ಪುಣ್ಯ ಮಾಡಿದೋರು ತಾತ. ನಾವು ಬೆವರಿಗೆ ಸಂಬಳ ತಗೋತೀವಿ, ನೀವು ಗಾಳಿಗೆ ತಗೋತೀರಿ.” ತಾತ ‘ಹೂಂ’ ಅನ್ನುತ್ತಿದ್ದರು.

ಮಧ್ಯದ ಮೇಜು ಗೆರೆಯಕ್ಕನದು. ತೋಳಿನ ಮೇಲೆ ಅವಳು ಎಳೆದ ಗೆರೆ ಮಾರನೆಯ ದಿನ ಸಂಜೆಗೂ ಹಾಗೇ ನಿಂತಿರುತ್ತಿತ್ತು, ಅದಕ್ಕೇ ಆ ಹೆಸರು. ದೊಡ್ಡ ಹೋಟೆಲಿನವರು ತಮ್ಮ ಕೆಲಸಗಾರರ ಬಿಳಿ ಕೋಟುಗಳನ್ನು ನಮ್ಮಲ್ಲಿಗೆ ಕಳಿಸುತ್ತಿದ್ದುದು ಅವಳ ಕೈಗಾಗಿ. ಹೋಟೆಲಿನ ಮ್ಯಾನೇಜರು ಅದನ್ನು ಬಾಯಿಬಿಟ್ಟೇ ಹೇಳಿದ್ದರು. ಆ ಕೋಟುಗಳಿಲ್ಲದಿದ್ದರೆ ನಮ್ಮ ಅಂಗಡಿ ಬಾಡಿಗೆ ಕಟ್ಟುವಷ್ಟೂ ದುಡಿಯುತ್ತಿರಲಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ ಮಾತು.

ನನ್ನ ತಂಗಿಮಗಳಿಗೆ ರಸೀದಿ ಬರೆಯುವುದನ್ನು ಕಲಿಸಿದವಳೂ ಗೆರೆಯಕ್ಕನೇ. “ಏ ಹುಡುಗಿ, ಬಿಳಿ ಅಂಗಿ ಅಂತ ಬರೆದ್ರೆ ಸಾಲದು, ಜೇಬು ಎಷ್ಟು ಅಂತನೂ ಬರಿ” ಎಂದು ತಲೆಗೆ ಮೊಟಕಿದವಳು. ಅಂಗಡಿ ಕೈ ಬದಲಾದ ವಾರ ನಾನು ಬಾಗಿಲಲ್ಲೇ ಇದ್ದೆ. ಶನಿವಾರ ‘ಏ ಹುಡುಗಿ’ ಅಂದಿದ್ದ ಗೆರೆಯಕ್ಕ ಸೋಮವಾರ ‘ಅಮ್ಮಾ’ ಅಂದಳು. ಅಂದವಳ ಮುಖ ಕೆಂಪಾಗಲಿಲ್ಲ, ಅನ್ನಿಸಿಕೊಂಡವಳ ಮುಖ ಕೆಂಪಾಯಿತು. ಅವತ್ತು ಮೊದಲನೆಯ ಕೋಟು ಕೈಗೆ ಬಂದಾಗ ಅವಳು ಅವಸರದಿಂದ ‘ಚೆನ್ನಾಗಿದೆ’ ಅಂದುಬಿಟ್ಟಳು. ಅಲ್ಲಿಂದ ಅದು ಅಭ್ಯಾಸವಾಗಿಹೋಯಿತು.

ಹೀಗಿರುವಾಗ ಬಸ್ ನಿಲ್ದಾಣದ ಹಿಂದೆ ಒಂದು ದೊಡ್ಡ ಲಾಂಡ್ರಿ ಬಂತು. ಎಲ್ಲ ಮಷೀನು. ಒಂದು ಕಡೆ ಕೋಟು ಹಾಕಿದರೆ ಇನ್ನೊಂದು ಕಡೆ ಹಪ್ಪಳದ ಹಾಗೆ ಬರುತ್ತದಂತೆ ಎಂದು ನೀರಣ್ಣ ನೋಡಿಕೊಂಡು ಬಂದು ಹೇಳಿದ. ಆದರೂ ಕಾಲರು, ತೋಳಿನ ತುದಿ ಇವಕ್ಕೆ ಮಷೀನಿನ ನಂತರ ಒಂದು ಕೈ ಬೇಕಲ್ಲ. ಅವರು ಗೆರೆಯಕ್ಕನನ್ನು ಕರೆದರು. ಇಲ್ಲಿನದಕ್ಕೆ ಒಂದೂವರೆ ಪಟ್ಟು ಸಂಬಳ.

ಗೆರೆಯಕ್ಕ ಮುಚ್ಚಿಟ್ಟುಕೊಳ್ಳುವ ಪೈಕಿಯಲ್ಲ. ನೇರವಾಗಿ ಕೌಂಟರಿಗೆ ಬಂದು ಹೇಳಿದಳು, “ಅಮ್ಮಾ, ಒಂದನೇ ತಾರೀಖಿಗೆ ಬಾ ಅಂತಿದ್ದಾರೆ. ನಾನಿನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ನಿಮಗೆ ಮೊದಲೇ ಗೊತ್ತಿರಲಿ ಅಂತ.”

“ಚೆನ್ನಾ...” ಅಂದಳು ನನ್ನ ತಂಗಿಮಗಳು. ಅರ್ಧಕ್ಕೆ ನಿಲ್ಲಿಸಿದಳು.

ಒಂದನೇ ತಾರೀಖಿಗೆ ಇನ್ನು ಐದು ವಾರ ಇತ್ತು. ಗೆರೆಯಕ್ಕ ಹೋದರೆ ಕೋಟು ಹೋಗುತ್ತದೆ, ಕೋಟು ಹೋದರೆ ಅಂಗಡಿ ಹೋಗುತ್ತದೆ. ಅಂಗಡಿ ಹೋದರೆ ತಾತ, ನೀರಣ್ಣ, ಉಳಿದೆರಡು ಮೇಜಿನ ಇಬ್ಬರು ಹುಡುಗಿಯರು, ನಾನು, ಎಲ್ಲರೂ ಬೀದಿಗೆ. ನನ್ನ ತಂಗಿಮಗಳ ಗಂಡ ಬಸ್ಸು ಓಡಿಸುತ್ತಾನೆ, ಅವನ ಸಂಬಳವೂ ಅಂಗಡಿ ಕೊಂಡ ಸಾಲಕ್ಕೇ ಹೋಗುತ್ತಿತ್ತು. ಒಂದೂವರೆ ಪಟ್ಟು ಕೊಡುವುದು ಕನಸಿನ ಮಾತು. ದುಡ್ಡಿಲ್ಲದೆ ಒಬ್ಬರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಅವಳು ತಲೆ ಕೆಡಿಸಿಕೊಂಡಳು.

ಮೊದಲು ಹೊಳೆದದ್ದು ಉಡುಗೊರೆ. ಎಲ್ಲರಿಗೂ ಒಂದೊಂದು ಊಟದ ಡಬ್ಬಿ, ಮೇಲೆ ಅಂಗಡಿಯ ಹೆಸರು. ಸಗಟು ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತ್ತು. ಯಾಕೆ ಕಡಿಮೆ ಎನ್ನುವುದು ಮಾರನೆಯ ದಿನ ಗೊತ್ತಾಯಿತು. ಒಂದರ ಮುಚ್ಚಳವೂ ಕೂರುತ್ತಿರಲಿಲ್ಲ. ನೀರಣ್ಣನ ಸಾರೆಲ್ಲ ಚೀಲಕ್ಕೆ ಇಳಿದಿತ್ತು.

“ಚೀಲಾನೂ ಊಟ ಮಾಡಿತು ಪಾಪ,” ಅಂದ ಅವನು. “ಅಮ್ಮಂಗೆ ಹೇಳ್ಬೇಡಿ. ಕೇಳಿದ್ರೆ ಚೆನ್ನಾಗಿದೆ ಅನ್ನೋಣ. ನಾವೂ ಸ್ವಲ್ಪ ಕಲಿತಿದ್ದೀವಿ.”

ಆ ಡಬ್ಬಿಗಳೆಲ್ಲ ಒಂದೊಂದಾಗಿ ನನ್ನ ಮಣೆಯ ಪಕ್ಕಕ್ಕೆ ಬಂದವು. ಬಿಳಿ ಗುಂಡಿಗೊಂದು, ಕರಿ ಗುಂಡಿಗೊಂದು. ಗುಂಡಿಗೆ ಮುಚ್ಚಳ ಯಾಕೆ ಬೇಕು.

ಎರಡನೆಯದಾಗಿ ಅವಳಿಗೆ ಹೊಳೆದದ್ದು ಕಿಟಕಿ. ಯೋಚಿಸಿ ನೋಡಿದರೆ ತಪ್ಪು ಅವಳದೊಬ್ಬಳದೇ ಅಲ್ಲ. ವರ್ಷಗಟ್ಟಲೆ ನಾವೆಲ್ಲ ‘ತಾತನ ಪುಣ್ಯ, ತಾತನ ಪುಣ್ಯ’ ಎಂದು ಹಾಡಿದ್ದನ್ನು ಅವಳು ಬೆನ್ನ ಹಿಂದಿನಿಂದ ಕೇಳಿದ್ದಳು. ಈ ಅಂಗಡಿಯಲ್ಲಿ ಎಲ್ಲರೂ ಆಸೆಪಡುವುದು ಒಂದಿದೆ, ಅದಕ್ಕೆ ಕಾಸು ಖರ್ಚಿಲ್ಲ ಎಂದು ಅವಳಿಗೆ ಅನ್ನಿಸಿತು. ಒಂದು ಬೆಳಿಗ್ಗೆ ಇಸ್ತ್ರಿ ಕೋಣೆಗೆ ಬಂದು ನಿಂತಳು. ಅವಳು ಒಳಗೆ ಬಂದದ್ದೇ ದೊಡ್ಡ ಸುದ್ದಿ, ಎಲ್ಲರೂ ಪೆಟ್ಟಿಗೆ ನಿಲ್ಲಿಸಿದರು.

“ಅಕ್ಕಾ, ಇವತ್ತಿಂದ ಕಿಟಕಿ ಮೇಜು ನಿಮ್ಮದು,” ಅಂದಳು. “ಇಷ್ಟು ವರ್ಷ ದುಡಿದಿದ್ದೀರಿ. ನನ್ನ ಕೈಲಾದ ಬಹುಮಾನ ಅಂದ್ಕೊಳ್ಳಿ.”

ಗೆರೆಯಕ್ಕ ಕಿಟಕಿಯ ಕಡೆ ನೋಡಲಿಲ್ಲ, ತಾತನ ಕಡೆ ನೋಡಿದಳು. “ತಾತ ಎಲ್ಲಿ ಕೂತ್ಕೋತಾರೆ?”

“ಗೋಡೆ ಪಕ್ಕ. ಅಲ್ಲಿ ಟ್ಯೂಬ್‌ಲೈಟ್ ಇದೆಯಲ್ಲ. ಫ್ಯಾನು ಆ ಕಡೆಗೇ ತಿರುಗಿಸ್ತೀನಿ.”

“ತಾತನ್ನ ಕೇಳಿದ್ರಾ?”

“ತಾತ, ಆಗಬಹುದಲ್ವಾ?”

ತಾತ ‘ಹೂಂ’ ಅಂದರು. ಆದರೆ ಅವರ ಹೂಂಗಳಲ್ಲಿ ನಾಲ್ಕಾರು ಜಾತಿ ಇದ್ದವು. ಇದು ಮೂಗಿನಿಂದ ಬಂದ ಹೂಂ. ತಮ್ಮ ನೀರಿನ ಬಾಟಲಿ, ಕನ್ನಡಕದ ಡಬ್ಬಿ ಎತ್ತಿಕೊಂಡು ಗೋಡೆಯ ಕಡೆ ನಡೆದರು. ಗೆರೆಯಕ್ಕ ಒಂದು ಗಳಿಗೆ ನಿಂತಿದ್ದು, ಯಜಮಾನಿಯ ಮಾತು ಮೀರಬಾರದೆಂದು ಕಿಟಕಿ ಮೇಜಿಗೆ ಹೋದಳು. ಹಿತ್ತಲಿನಿಂದ ನೀರಣ್ಣನ ಧ್ವನಿ ಸಣ್ಣಗೆ ಬಂತು, “ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು.”

ನಾಲ್ಕನೇ ದಿನ ಹೋಟೆಲಿನಿಂದ ಏಳು ಕೋಟು ವಾಪಸು ಬಂದವು. ಕಂಕುಳ ಹತ್ತಿರ, ಬೆನ್ನ ಮೇಲೆ, ನಸು ಹಳದಿ ಎಣ್ಣೆ ಕಲೆ. ಆಗ ಎಲ್ಲರಿಗೂ ಬೆಳಕಾಯಿತು. ಆ ಕಿಟಕಿ ಗಾಳಿಗಲ್ಲ, ಬೆಳಕಿಗೆ. ಒಗೆದ ಬಿಳಿ ಬಟ್ಟೆಯಲ್ಲಿ ಉಳಿದ ಎಣ್ಣೆಯ ಕಲೆ ಟ್ಯೂಬ್‌ಲೈಟಿನಲ್ಲಿ ಕಾಣುವುದೇ ಇಲ್ಲ, ಹಗಲಿನ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಕಲೆಯ ಮೇಲೆ ಬಿಸಿ ಇಸ್ತ್ರಿ ಬಿತ್ತೆಂದರೆ ಅದು ಮತ್ತೆ ಸುಲಭಕ್ಕೆ ಬಿಡದು. ತಾತ ಇಷ್ಟು ವರ್ಷ ‘ತಿರುಗಿಸಿ ಮುರುಗಿಸಿ’ ಮಾಡುತ್ತಿದ್ದುದು ಅದನ್ನೇ. ಕಲೆ ಇದ್ದದ್ದು ಹಿತ್ತಲಿಗೆ ಮರಳುತ್ತಿತ್ತು, ನೀರಣ್ಣ ಯಾಕೆಂದು ಕೇಳದೆ ಮತ್ತೆ ಮಷೀನಿಗೆ ಹಾಕುತ್ತಿದ್ದ, ಇಲ್ಲದ್ದು ಗೆರೆಯಕ್ಕನ ಮೇಜಿಗೆ ಹೋಗುತ್ತಿತ್ತು. ಇಸ್ತ್ರಿ ಮುಗಿದ ಕೋಟು ಮತ್ತೆ ತಾತನ ಬೆಳಕಿಗೆ ಬಂದು, ಒಂದು ಗಿಡ್ಡ ಹೂಂ ಪಡೆದು, ಕೌಂಟರಿಗೆ ಹೋಗುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಗೆರೆಯಕ್ಕನಿಗೆ ಮಾತ್ರ ಗೊತ್ತಿತ್ತು. ಅವಳೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ನಾನು ಅವತ್ತು ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು ಕೇಳಿದೆ. ನನ್ನ, ಗೆರೆಯಕ್ಕನ ಊಟದ ಜಾಗ ಅದು. ಅಂಗಡಿಯಲ್ಲಿ ಎಲ್ಲರಿಗೂ ನಾನು ದೊಡ್ಡಮ್ಮನೇ.

“ನಾಲ್ಕು ದಿನ ನಾನೇ ನೋಡ್ಕೋತೀನಿ ಅಂದ್ಕೊಂಡೆ ದೊಡ್ಡಮ್ಮ,” ಅಂದಳು. “ತಾತನ ಕಣ್ಣು ನನಗೆಲ್ಲಿ ಬರಬೇಕು. ಇಸ್ತ್ರಿ ಮಾಡೋ ಕೈಗೆ ಅವಸರ ಜಾಸ್ತಿ.”

“ನಿಜವಾಗ್ಲೂ ಹೋಗ್ತೀಯೇನೇ ಆ ಕಡೆ?”

“ಹೋಗಬೇಕು ಅನ್ನಿಸ್ತಿದೆ. ದುಡ್ಡಿಗೆ ಅಲ್ಲ ಅಂದ್ರೆ ಸುಳ್ಳಾಗುತ್ತೆ. ದೊಡ್ಡವಳನ್ನ ಕಾಲೇಜಿಗೆ ಸೇರಿಸಬೇಕು. ಆದ್ರೆ ದುಡ್ಡೊಂದೇ ಆಗಿದ್ರೆ ಕರೆದ ದಿನವೇ ಹೋಗ್ತಿದ್ದೆ.”

“ಮತ್ತೇನು?”

ಅವಳು ತುತ್ತು ನುಂಗಿದಳು. ಆಮೇಲೆ ಹಿತ್ತಲಿನ ಹಗ್ಗದ ಮೇಲಿನ ಬಟ್ಟೆ ನೋಡುತ್ತಾ ಹೇಳಿದಳು, “ಹೋದ ವರ್ಷ ಒಂದು ಕೋಟಿಗೆ ಬೇಕೂಂತ್ಲೇ ಸುಕ್ಕು ಇಟ್ಟೆ.”

ನಾನು ಕೈ ನಿಲ್ಲಿಸಿದೆ.

“ಕಾಲರಿನ ಕೆಳಗೆ. ಇಟ್ಟು ನಾನೇ ತಗೊಂಡು ಹೋಗಿ ಅಮ್ಮನ ಕೈಗೆ ಕೊಟ್ಟೆ. ಚೆನ್ನಾಗಿದೆ ಅಂದ್ರು. ಇನ್ನೆರಡು ಸಲ ಇಟ್ಟೆ. ಚೆನ್ನಾಗಿದೆ, ಚೆನ್ನಾಗಿದೆ. ಮೂರು ಸಲನೂ ತಾತ, ತಮ್ಮ ಮೇಜು ದಾಟಿ ಹೋಯ್ತಲ್ಲ ಅಂತ, ಎದ್ದು ಹೋಗಿ ಕೌಂಟರಿಂದ ಆ ಕೋಟು ವಾಪಸ್ ತಂದು ನನ್ನ ಮೇಜಿನ ಮೇಲೆ ಹಾಕಿದ್ರು. ಒಂದು ಮಾತಿಲ್ಲ. ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಒಬ್ಬರಾದ್ರೂ ನೋಡ್ತಾರಲ್ಲ ಅಂತ.”

“ಆ ದೊಡ್ಡ ಲಾಂಡ್ರಿಯಲ್ಲಿ ನೋಡೋರಿದ್ದಾರಾ?”

“ಅಲ್ಲೂ ಇರಲ್ಲ. ಆದ್ರೆ ಅಲ್ಲಿ ಯಾರೂ ನೋಡಲ್ಲ ಅಂತ ಗೊತ್ತಿದ್ದೇ ಹೋಗೋದು, ಜಾಸ್ತಿ ದುಡ್ಡಿಗೆ. ಇಲ್ಲಿ ನೋಡ್ತಾರೆ ಅಂದ್ಕೊಂಡು ಕೂತಿದ್ದೀನಿ, ಕಮ್ಮಿ ದುಡ್ಡಿಗೆ.” ಡಬ್ಬಿ ಮುಚ್ಚಿದಳು. ಅವಳದು ಮನೆಯಿಂದ ತಂದ ಹಳೆಯ ಡಬ್ಬಿ, ಮುಚ್ಚಳ ಸರಿಯಾಗಿ ಕೂತಿತು. “ಸುಕ್ಕಿನ ವಿಷಯ ಅಮ್ಮಂಗೆ ಹೇಳ್ಬೇಡಿ. ಹೇಳಿದ್ರೆ ನಾಳೆಯಿಂದ ಬರೀ ಕಾಲರ್ ಎತ್ತಿ ಎತ್ತಿ ನೋಡ್ತಾರೆ. ಅದು ಬೇಡ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನಾನೂ ನನ್ನ ತಂಗಿಮಗಳೂ ಆ ಏಳು ಕೋಟುಗಳನ್ನು ಮುಂದಿಟ್ಟುಕೊಂಡು ಕೂತಿದ್ದೆವು. ಅವಳ ಕಣ್ಣು ಒದ್ದೆ ಇತ್ತು. “ಒಳ್ಳೇದು ಮಾಡೋಕೆ ಹೋದೆ ದೊಡ್ಡಮ್ಮ. ಒಬ್ಬರಿಗೆ ಕೊಡೋಕೆ ಹೋಗಿ ಇನ್ನೊಬ್ಬರದ್ದು ಕಿತ್ಕೊಂಡೆ. ಕೊಟ್ಟಿದ್ದೂ ಅವರಿಗೆ ಬೇಕಾಗಿರ್ಲಿಲ್ಲ.”

“ಈ ಅಂಗಡಿ ಕೋಟು ನೀನು ಯಾವತ್ತಾದ್ರೂ ನೋಡಿದ್ದೀಯೇನೇ?” ಅಂದೆ.

“ಏನು ಹೀಗಂತೀಯ? ದಿನಾ ಅರವತ್ತು ಕೋಟು ನೋಡ್ತೀನಿ.”

“ಎಣಿಸ್ತೀಯ. ನೋಡಲ್ಲ.”

ಅವಳು ಮೇಲಿನ ಕೋಟನ್ನು ಹತ್ತಿರ ಎಳೆದುಕೊಂಡಳು. ಬೀದಿಯಲ್ಲಿ ಬಸ್ಸೊಂದು ನಿಂತು ಹೋಯಿತು. ಆಮೇಲೆ ಮೆಲ್ಲಗೆ ಅಂದಳು, “ಏನಂತ ನೋಡಲಿ? ನನಗೆ ಇಸ್ತ್ರಿಪೆಟ್ಟಿಗೆ ಹಿಡಿಯೋಕೇ ಬರಲ್ಲ. ಅಕ್ಕ ನನಗೆ ತಲೆಗೆ ಮೊಟಕಿ ಕೆಲಸ ಕಲಿಸಿದೋರು. ಅವರ ಕೆಲಸದಲ್ಲಿ ಹುಳುಕು ಹುಡುಕೋಕೆ ನಾನ್ಯಾರು? ಚೆನ್ನಾಗಿದೆ ಅಂದ್ರೆ ಯಾರಿಗೂ ಬೇಜಾರಾಗಲ್ಲ ಅಂತ...”

“ಅಡುಗೆ ಮಾಡಿದವಳ ಮುಂದೆ ತುತ್ತು ಬಾಯಿಗೆ ಇಡದೆ ಚೆನ್ನಾಗಿದೆ ಅಂದು ನೋಡು. ಉಪ್ಪು ಕಮ್ಮಿ ಅಂದಿದ್ದಕ್ಕಿಂತ ಜಾಸ್ತಿ ನೋವಾಗುತ್ತೆ ಅವಳಿಗೆ.”

ಅಷ್ಟೇ ಹೇಳಿದೆ. ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ಮಾರನೆಯ ಬೆಳಿಗ್ಗೆ ಅವಳು ತಾತನ ನೀರಿನ ಬಾಟಲಿಯನ್ನೂ ಕನ್ನಡಕದ ಡಬ್ಬಿಯನ್ನೂ ತಾನೇ ಎತ್ತಿಕೊಂಡು ಹೋಗಿ ಕಿಟಕಿ ಮೇಜಿನ ಮೇಲಿಟ್ಟಳು. “ತಪ್ಪಾಯ್ತು ತಾತ,” ಅಂದಳು. “ನನಗೂ ನೋಡೋದು ಕಲಿಸಿಕೊಡಿ.”

ತಾತ ಅವಳನ್ನು ಮೇಲಿಂದ ಕೆಳಗೆ ನೋಡಿ, ಒಂದು ಕೋಟು ಕೈಗೆ ಕೊಟ್ಟರು. “ನೋಡಿ.”

“ಏನು ನೋಡಲಿ?”

“ನೋಡಿ.”

ಅವರ ಪಾಠ ಅಷ್ಟೇ. ಬೆಳಿಗ್ಗೆ ಗಿರಾಕಿ ಕಡಿಮೆ ಇರುವ ಒಂದು ಗಂಟೆ ಅವಳು ಅಲ್ಲಿ ನಿಂತು ಕೋಟನ್ನು ಬೆಳಕಿಗೆ ಹಿಡಿಯುವುದು, ತಾತ ಊಹೂಂ ಎಂದು ಇನ್ನೊಂದು ಕೊಡುವುದು. ಮೊದಲ ವಾರ ಅವಳಿಗೆ ಬಿಳುಪಿನಲ್ಲಿ ಬಿಳುಪು ಬಿಟ್ಟು ಬೇರೇನೂ ಕಾಣಲಿಲ್ಲ. ಆರನೆಯ ದಿನವೋ ಏಳನೆಯ ದಿನವೋ, “ತಾತ, ಇಲ್ಲಿ ಒಂದು ನೆರಳಿದೆ” ಅಂದಳು. ಕಡಲೆಕಾಳಿನಷ್ಟು ಎಣ್ಣೆ ಕಲೆ. ತಾತನ ಬಾಯಿಂದ ಗಿಡ್ಡ ಹೂಂ ಬಂತು. ಅವಳು ನನ್ನ ಕಡೆ ತಿರುಗಿ ನೋಡಿದ ನೋಟ ಶಾಲೆಯಿಂದ ಬಂದು ಸ್ಲೇಟು ತೋರಿಸುತ್ತಿದ್ದಳಲ್ಲ, ಅದೇ.

ಆಮೇಲೆ ಇಸ್ತ್ರಿಪೆಟ್ಟಿಗೆಗೂ ಕೈ ಹಾಕಿದಳು. ಒಂದು ಹಳೆಯ ಮೇಜುಬಟ್ಟೆ ಸುಟ್ಟಳು, ಎರಡು ಬೆರಳು ಸುಟ್ಟುಕೊಂಡಳು. ಗೆರೆಯಕ್ಕ ತನ್ನ ಮೇಜಿನಿಂದಲೇ, ತಲೆ ಎತ್ತದೆ, “ಒತ್ತಬೇಡಿ, ಪೆಟ್ಟಿಗೆ ತೂಕ ಪೆಟ್ಟಿಗೆಗೇ ಇದೆ” ಅನ್ನುತ್ತಿದ್ದಳು. ಒಂದು ಸಲ ಮರೆತು “ಏ ಹುಡುಗಿ, ತೋಳು ಮೊದಲು” ಅಂದುಬಿಟ್ಟಳು. ಇಬ್ಬರು ಹುಡುಗಿಯರೂ ಪೆಟ್ಟಿಗೆ ಎತ್ತಿ ಹಿಡಿದು ತಿರುಗಿ ನೋಡಿದರು. ನನ್ನ ತಂಗಿಮಗಳು ತೋಳು ಮೊದಲು ಮಾಡಿದಳು.

ಹಾಗಂತ ಎಲ್ಲ ಸರಿಹೋಯಿತು ಅನ್ನಲಾರೆ. ದೊಡ್ಡ ಲಾಂಡ್ರಿಯವರು ಗೆರೆಯಕ್ಕನಿಗೆ ಇನ್ನೆರಡು ಸಲ ಹೇಳಿಕಳಿಸಿದರು. ಅವಳು ಏನು ಉತ್ತರ ಕೊಟ್ಟಳೋ ಯಾರಿಗೂ ಗೊತ್ತಿಲ್ಲ. ಯಜಮಾನಿ ನೋಡಲು ಕಲಿತರೆ ಗೆರೆಯಕ್ಕನ ಮಗಳ ಕಾಲೇಜು ನಡೆಯುತ್ತದೆಯೇ. ಬರೀ ಒಳ್ಳೆಯ ಮಾತಲ್ಲಿ ಸಾಗಹಾಕುವುದು ಮೊಣಕೈಗೆ ಬೆಲ್ಲ ಹಚ್ಚಿ ನೆಕ್ಕು ಅಂದ ಹಾಗೆ. ಅದನ್ನು ನನ್ನ ತಂಗಿಮಗಳೂ ಅರಿತಿದ್ದಳು.

ತಿಂಗಳ ಕೊನೆಯ ವಾರ ಅವಳು ಆ ಏಳು ಕೋಟು ಹಿಡಿದುಕೊಂಡು ಹೋಟೆಲಿಗೆ ಹೋದಳು. ಜೊತೆಗೆ ನನ್ನನ್ನೂ ಕರೆದುಕೊಂಡಳು, ಧೈರ್ಯಕ್ಕೆ. ಐದು ಕೋಟಿನ ಕಲೆ ತೆಗೆದಾಗಿತ್ತು, ಎರಡರದ್ದು ಹೋಗಿರಲಿಲ್ಲ. ಅದನ್ನು ಅವಳೇ ಬೆರಳಿಟ್ಟು ತೋರಿಸಿದಳು. ಎರಡರ ಬೆಲೆ ಕೊಡುತ್ತೇನೆ ಅಂದಳು. ಮ್ಯಾನೇಜರು ಆಗಲಿ ಅಂದರು. ಆಮೇಲೆ ಅವಳು ಹೇಳಿದ್ದನ್ನು ನಾನು ಕನಸಲ್ಲೂ ಎಣಿಸಿರಲಿಲ್ಲ.

“ಕೋಟಿನ ದರ ಸ್ವಲ್ಪ ಜಾಸ್ತಿ ಮಾಡಬೇಕು ಸಾರ್.”

ಮ್ಯಾನೇಜರು ನಕ್ಕೇಬಿಟ್ಟರು. “ಕಲೆ ಮಾಡಿಕೊಟ್ಟು ದರ ಜಾಸ್ತಿ ಕೇಳೋರನ್ನ ಇವತ್ತೇ ನೋಡಿದ್ದು.”

ಅವಳು ನಗಲಿಲ್ಲ. ಅಲ್ಲೇ ಮೇಜಿನ ಮೇಲೆ ಒಂದು ಕೋಟು ಹರಡಿದಳು. ಕಲೆ ಎಲ್ಲಿ ಅಡಗುತ್ತದೆ, ಯಾವ ಬೆಳಕಿಗೆ ಹಿಡಿಯಬೇಕು, ತೋಳು ಮೊದಲು ಯಾಕೆ, ಕಾಲರನ್ನು ತುದಿಯಿಂದ ಒಳಗೆ ತರದಿದ್ದರೆ ಏನಾಗುತ್ತದೆ, ಒಂದು ಕೋಟಿಗೆ ಎಷ್ಟು ಸಲ ನೀರು ಚಿಮುಕಿಸಬೇಕು, ಒಂದೊಂದಾಗಿ ಹೇಳಿದಳು. “ನಿಮ್ಮ ಹುಡುಗರು ರಾತ್ರಿ ಕೊನೇ ಮೇಜಿಗೆ ಬಡಿಸುವಾಗಲೂ ಗೆರೆ ನಿಂತಿರುತ್ತಲ್ಲ ಸಾರ್, ಅದು ಸುಮ್ಮನೆ ನಿಲ್ಲಲ್ಲ,” ಅಂದಳು. ಒಂದು ತಿಂಗಳ ಹಿಂದೆ ಇದರಲ್ಲಿ ಒಂದು ಮಾತೂ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಮ್ಯಾನೇಜರು ಕೋಟಿನ ತೋಳನ್ನು ಎತ್ತಿ ನೋಡಿದರು. ಪ್ರಾಯಶಃ ಅವರೂ ಮೊದಲ ಸಲ ನೋಡಿದ್ದು. ಕೇಳಿದಷ್ಟು ಕೊಡಲಿಲ್ಲ, ಅರ್ಧ ಕೊಟ್ಟರು.

ಮಾರನೆಯ ದಿನ ಅವಳು ಗೆರೆಯಕ್ಕನ ಮೇಜಿನ ಬಳಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಹೋಟೆಲಿನೋರು ದರ ಏರಿಸಿದ್ದಾರೆ. ಏರಿದ್ದರಲ್ಲಿ ಮುಕ್ಕಾಲು ಕೋಟಿನ ಮೇಲೆ ಕೆಲಸ ಮಾಡೋ ಕೈಗಳಿಗೆ. ಒಗೆಯೋ ಕೈ, ನೋಡೋ ಕಣ್ಣು ಎರಡೂ ಸೇರಿ.” ಆಮೇಲೆ ಗೆರೆಯಕ್ಕನ ಕಡೆ ತಿರುಗಿದಳು. “ಅಲ್ಲಿ ಕೊಡೋದರ ಹತ್ತಿರಕ್ಕೂ ಬರಲ್ಲ ಅಕ್ಕಾ. ನನ್ನ ಕೈಲಿರೋದು ಇಷ್ಟೇ. ನೀವು ಹೋದ್ರೂ ನಾನು ತಪ್ಪು ತಿಳ್ಕೊಳ್ಳಲ್ಲ.”

“ಹೂಂ” ಅಂದಳು ಗೆರೆಯಕ್ಕ. ತಾತನ ಜೊತೆ ಸೇರಿ ಸೇರಿ ಅವಳಿಗೂ ಅದೇ ಬಂದಿತ್ತು. ಯಾವ ಜಾತಿಯ ಹೂಂ ಎಂದು ನನಗೂ ತಿಳಿಯಲಿಲ್ಲ.

ಒಂದನೇ ತಾರೀಖು ಬಂತು. ಗೆರೆಯಕ್ಕ ಬರುತ್ತಾಳೋ ಇಲ್ಲವೋ ಎಂದು ನೀರಣ್ಣ ಬೆಳಿಗ್ಗೆಯಿಂದ ನಾಲ್ಕು ಸಲ ಬೀದಿಗೆ ಬಂದು ಹೋದ. ಪ್ರತಿ ಸಲ ಒಂದೊಂದು ನೆವ: ಒಂದು ಸಲ ಸೋಪು, ಒಂದು ಸಲ ಬಿಸಿಲು ನೋಡಲು. ಅವಳು ಎಂದಿನ ಹೊತ್ತಿಗೇ ಬಂದಳು. ಚೀಲವನ್ನು ಮೊಳೆಗೆ ತಗುಲಿಸಲಿಲ್ಲ, ಮೇಜಿನ ಕೆಳಗೆ ಇಟ್ಟಳು. ಅದು ಎದ್ದು ಹೋಗುವವರು ಇಡುವ ಜಾಗ. ನನ್ನ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಒಂದು ಕೋಟು ಮುಗಿಸಿದಳು. ತಾತನ ಮೇಜಿಗೆ ಕೊಡಲಿಲ್ಲ. ಎರಡು ಕೈಯಲ್ಲಿ ಹಿಡಿದು, ನನ್ನ ಮಣೆ ದಾಟಿ, ನೇರವಾಗಿ ಕೌಂಟರಿಗೆ ಹೋದಳು.

ಕೌಂಟರಿನಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಬ್ಬರು ರಸೀದಿ ಕಳೆದುಕೊಂಡು ಜಗಳಕ್ಕೆ ನಿಂತಿದ್ದರು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಏನು ಕೊಟ್ಟರೂ ‘ಚೆನ್ನಾಗಿದೆ’. ನನಗೆ ಕಾಲರ್ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ಮುಚ್ಚಿಕೊಂಡು ದಾರ ಕಚ್ಚಿದೆ.

“ಮೊದಲನೇದು ಅಮ್ಮಾ,” ಅಂದಳು ಗೆರೆಯಕ್ಕ.

“ಚೆ...” ಎಂದು ಬಾಯಿಗೆ ಬಂದದ್ದನ್ನು ನನ್ನ ತಂಗಿಮಗಳು ನುಂಗಿಕೊಂಡಳು. ಗಿರಾಕಿಗಳಿಗೆ, “ಒಂದ್ನಿಮಿಷ ಇರಿ” ಅಂದಳು. ಕೋಟು ತೆಗೆದುಕೊಂಡು ಒಳಗೆ ಬಂದು, ತಾತನ ಪಕ್ಕ ಕಿಟಕಿಯ ಬೆಳಕಿಗೆ ಹಿಡಿದಳು. ಬೆನ್ನು ನೋಡಿದಳು. ತೋಳು ನೋಡಿದಳು, ಮೊದಲು ಬಲ, ಆಮೇಲೆ ಎಡ. ಜೇಬಿನ ಬಾಯಿ ನೋಡಿದಳು. ಗಿರಾಕಿ ಹೊರಗೆ ಕೆಮ್ಮಿದರು. ಕಾಲರಿನ ಮೇಲೆ ಬೆರಳಾಡಿಸಿ, ಮಡಿಕೆ ಎತ್ತಿ, ಅಲ್ಲೇ ನಿಂತಳು.

“ಅಕ್ಕಾ.”

“ಏನಮ್ಮಾ?”

“ಕಾಲರಿನ ಕೆಳಗೆ, ಎಡಗಡೆ, ಒಂದು ಸುಕ್ಕಿದೆ.” ಮಡಿಕೆ ಬಿಡದೆ ಮುಂದುವರಿಸಿದಳು, “ಇದು ನಿಮ್ಮ ಕೈ ಕೆಲಸ ಅಲ್ಲ. ಯಾಕೆ, ಇವತ್ತು ಮೈಗೆ ಹುಷಾರಿಲ್ವಾ?”

ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡರು. ತಾತ ತಲೆ ಎತ್ತಲಿಲ್ಲ, ‘ಹೂಂ’ ಅಂದರು, ಗಿಡ್ಡದು. ಗೆರೆಯಕ್ಕ ಕೋಟನ್ನು ವಾಪಸು ಇಸಿದುಕೊಂಡಳು. “ಹುಷಾರಾಗೇ ಇದ್ದೀನಿ ಅಮ್ಮಾ. ಕೊಡಿ, ಸರಿ ಮಾಡ್ತೀನಿ,” ಅಂದಳು. ಮೇಜಿಗೆ ಹೋದವಳು ಬಗ್ಗಿ ಕೆಳಗಿಟ್ಟ ಚೀಲ ಎತ್ತಿ ಮೊಳೆಗೆ ತಗುಲಿಸಿದಳು, ಆಮೇಲೆ ನೀರು ಚಿಮುಕಿಸಿದಳು. ನೀರಣ್ಣ ಹಿತ್ತಲ ಬಾಗಿಲಿನಿಂದ ಮಾಯವಾದ. ಸ್ವಲ್ಪ ಹೊತ್ತಿಗೆ ಮಷೀನಿನ ಸದ್ದಿನ ಜೊತೆ ಅವನ ಸಿಳ್ಳೆ ಕೇಳಿಸಿತು.

ಅವತ್ತಿನ ಮೇಲೆ ಕೌಂಟರಿನ ಕುರ್ಚಿ ಓರೆಯಾಯಿತು. ಅರ್ಧ ಬೀದಿಗೆ, ಅರ್ಧ ಒಳಗೆ. ‘ಚೆನ್ನಾಗಿದೆಯಮ್ಮ’ ಎನ್ನುವ ಹೆಸರು ಹೋಗಲಿಲ್ಲ, ಇಟ್ಟ ಹೆಸರು ಹಾಗೆಲ್ಲ ಹೋಗುತ್ತದೆಯೇ. ಈಗ ಯಾರದಾದರೂ ಕೆಲಸಕ್ಕೆ ಅವಳು ಆ ಮಾತು ಅಂದಳೆಂದರೆ, ಅನ್ನಿಸಿಕೊಂಡವರು ನಾಲ್ಕು ಜನಕ್ಕೆ ಹೇಳಿಕೊಂಡು ಓಡಾಡುತ್ತಾರೆ.

ಆ ಒಂದನೇ ತಾರೀಖಿನ ಮಧ್ಯಾಹ್ನವೇ ಹಿತ್ತಲ ಮೆಟ್ಟಿಲ ಮೇಲೆ ನಾವಿಬ್ಬರೂ ಊಟಕ್ಕೆ ಕೂತೆವು. ಗೆರೆಯಕ್ಕ ಡಬ್ಬಿ ಬಿಚ್ಚಿದಳು.

“ಎರಡು ಸುಕ್ಕು ಇಟ್ಟಿದ್ದೆ ದೊಡ್ಡಮ್ಮ,” ಅಂದಳು. “ಒಂದನ್ನ ಅಮ್ಮ ಕಂಡುಹಿಡಿದ್ರು.”

“ಇನ್ನೊಂದು?”

“ತೋಳಿನ ಒಳಗಡೆ ಇತ್ತು. ಪರವಾಗಿಲ್ಲ ಬಿಡಿ. ಮುಂದಿನ ವರ್ಷದ ಹೊತ್ತಿಗೆ ಅದೂ ಕಾಣುತ್ತೆ.”